ಮೂರು ಗಂಟೆಯಲ್ಲಿ ಮಾಯವಾಗುವ ಪೋಸ್ಟ್: ಅಳಿಸಿ ಎನ್ನುವವರು ಯಾರು, ಹಾಕಿದವರ ಮಾತು ಕೇಳುವವರು ಯಾರು?

ಸೋಷಿಯಲ್ ಮೀಡಿಯಾದ ಯಾವುದಾದರೂ ಪೋಸ್ಟ್ ತೆಗೆಯಿರಿ ಎಂದು ಸರ್ಕಾರ ತಿಳಿಸಿದರೆ ಕಂಪನಿಗಳಿಗೆ ಈಗ ಸಿಗುವುದು ಬರೀ ಮೂರು ಗಂಟೆ. 2021ರ ಐಟಿ ನಿಯಮಗಳಿಗೆ 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದ ತಿದ್ದುಪಡಿ ಇದು. ಅದಕ್ಕೂ ಮೊದಲು 36 ಗಂಟೆ ಇತ್ತು.

ಸುದ್ದಿ ಬಂದ ಮೇಲೆ ಗೊಂದಲವೂ ಶುರುವಾಯಿತು. ಯಾರೋ ಒಬ್ಬರು ರಿಪೋರ್ಟ್ ಮಾಡಿದರೆ ಮೂರು ಗಂಟೆಯಲ್ಲಿ ನನ್ನ ವಿಡಿಯೊ ಹೋಗಿಬಿಡುತ್ತಾ? ಠಾಣೆಯ ಇನ್‌ಸ್ಪೆಕ್ಟರ್ ಹೇಳಿದರೂ ಸಾಕಾ? ಎಐ ವಿಡಿಯೊಗೆ ಲೇಬಲ್ ಹಾಕಬೇಕು ಅಂದದ್ದೂ ಇದೇ ನಿಯಮವಾ? ಕರ್ನಾಟಕ ಹೈಕೋರ್ಟ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಸೋತದ್ದಕ್ಕೂ ಇದಕ್ಕೂ ಏನು ಸಂಬಂಧ? ನಾಲ್ಕೂ ಬೇರೆ ಬೇರೆ ಪ್ರಶ್ನೆಗಳು. ಆದರೆ ನಾಲ್ಕೂ ಸುತ್ತುವುದು ಒಂದೇ ಕಾನೂನಿನ ಸುತ್ತ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸುತ್ತ.

ಮೂರು ಗಂಟೆ ಯಾವಾಗ ಶುರು?

ರಿಪೋರ್ಟ್ ಬಟನ್ ಒತ್ತಿದರೆ ಈ ಗಡಿಯಾರ ಓಡುವುದಿಲ್ಲ. ಕೋರ್ಟ್ ಆದೇಶ ಬಂದಾಗ, ಇಲ್ಲವೇ ಅಧಿಕಾರ ಪಡೆದ ಸರ್ಕಾರಿ ಅಧಿಕಾರಿ ಕಾರಣ ಬರೆದು ತಿಳಿಸಿದಾಗ ಮಾತ್ರ ಮೂರು ಗಂಟೆಯ ಲೆಕ್ಕ ಶುರುವಾಗುತ್ತದೆ. ಜನರ ಮಾಮೂಲಿ ದೂರುಗಳಿಗೆ ಬೇರೆ ಗಡುವಿದೆ. ಅದು 15 ದಿನದಿಂದ 7 ದಿನಕ್ಕೆ ಇಳಿದಿದೆ. ನಗ್ನ ಚಿತ್ರ, ಮುಖ ಅಂಟಿಸಿ ಮಾಡಿದ ನಕಲಿ ಚಿತ್ರ ಇಂಥವುಗಳ ಬಗ್ಗೆ ತೊಂದರೆಗೊಳಗಾದವರು ದೂರು ಕೊಟ್ಟರೆ ಎರಡು ಗಂಟೆಯಲ್ಲಿ ತೆಗೆಯಬೇಕು. ಅದಕ್ಕೆ ಮೊದಲು 24 ಗಂಟೆ ಇತ್ತು.

ಇನ್‌ಸ್ಪೆಕ್ಟರ್ ಹೇಳಿದರೆ ಸಾಕಾಗುವುದಿಲ್ಲ. 2025ರ ನವೆಂಬರ್ 15ರಿಂದ ಜಂಟಿ ಕಾರ್ಯದರ್ಶಿ ದರ್ಜೆಯ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿಯೇ ನೋಟಿಸ್ ಕೊಡಬೇಕು. ಪೊಲೀಸರ ಕಡೆಯಿಂದಾದರೆ ಡಿಐಜಿ ದರ್ಜೆ ಬೇಕು, ಅದೂ ಈ ಕೆಲಸಕ್ಕೆಂದೇ ಅಧಿಕಾರ ಕೊಟ್ಟವರಾಗಿರಬೇಕು. ಯಾವ ಕಾನೂನಿನ ಯಾವ ಕಲಂ, ಯಾವ ಲಿಂಕ್ ಎಂದು ನೋಟಿಸ್‌ನಲ್ಲಿ ಬರೆದಿರಬೇಕು. ಇಂಥ ನೋಟಿಸ್‌ಗಳನ್ನು ಕಾರ್ಯದರ್ಶಿ ಮಟ್ಟದ ಅಧಿಕಾರಿ ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಹಾಗಿದ್ದರೆ ಅದಕ್ಕೂ ಮೊದಲು ಹೇಗಿತ್ತು ಎಂದು ಕೇಳಬಹುದು. ತೀರಾ ಕೆಳದರ್ಜೆಯ ಅಧಿಕಾರಿಗಳೂ ಕಳಿಸುತ್ತಾರೆ ಎನ್ನುವುದೇ ಎಕ್ಸ್‌ನ ದೊಡ್ಡ ತಕರಾರಾಗಿತ್ತು. ಸರ್ಕಾರ ಕೋರ್ಟ್‌ನಲ್ಲಿ ಗೆದ್ದ ಮೇಲೂ ಒಂದು ತಿಂಗಳೊಳಗೆ ಈ ತಿದ್ದುಪಡಿ ಪ್ರಕಟಿಸಿತು ಅನ್ನುವುದು ಗಮನಿಸಬೇಕಾದ ವಿಷಯ.

ಎಐ ಲೇಬಲ್ ನಿಯಮ ಫೆಬ್ರುವರಿಯ ಇದೇ ಕಟ್ಟಿನಲ್ಲಿ ಬಂದದ್ದು ನಿಜ. ಆದರೆ ಅದು ಬೇರೆ ವಿಷಯ. ನಿಜವೆಂದು ನಂಬಿಸುವಂಥ ಎಐ ಚಿತ್ರ, ವಿಡಿಯೊ ಮೇಲೆ ಎಐ ಎಂದು ಕಾಣುವ ಹಾಗೆ ಬರೆದಿರಬೇಕು, ಬರೀ ಧ್ವನಿಯಾದರೆ ಮೊದಲಲ್ಲೇ ಕೇಳಿಸುವ ಹಾಗೆ ಹೇಳಿರಬೇಕು. ಗಲಾಟೆ ಇರುವುದು ಇನ್ನೊಂದು ಭಾಗದಲ್ಲಿ.

ಕಂಪನಿಗೆ ರಕ್ಷಣೆ ಕೊಟ್ಟದ್ದಾದರೂ ಯಾಕೆ?

ಇದಕ್ಕೆ 2004ಕ್ಕೆ ಹೋಗಬೇಕು. ಆಗ ಬಾಜಿ.ಕಾಮ್ ಎಂಬ ಹರಾಜಿನ ವೆಬ್‌ಸೈಟ್ ಇತ್ತು. ಯಾರೋ ಒಬ್ಬ ಬಳಕೆದಾರ ಅದರಲ್ಲಿ ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟ. ಪೊಲೀಸರು ಆ ವೆಬ್‌ಸೈಟ್‌ನ ಮುಖ್ಯಸ್ಥರನ್ನೇ ಬಂಧಿಸಿದರು. ಲಕ್ಷಾಂತರ ಜನ ಬಂದು ಹೋಗುವ ಜಾಗದಲ್ಲಿ ಒಬ್ಬ ಮಾಡಿದ್ದಕ್ಕೆ ಜಾಗದ ಮಾಲೀಕ ಜೈಲಿಗೆ ಹೋಗಬೇಕಾ ಎಂಬ ಚರ್ಚೆ ಆಗ ಜೋರಾಯಿತು.

2008ರ ತಿದ್ದುಪಡಿಯಲ್ಲಿ ಉತ್ತರ ಸಿಕ್ಕಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79ರ ಪ್ರಕಾರ, ಬಳಕೆದಾರರು ಹಾಕಿದ್ದಕ್ಕೆ ವೇದಿಕೆ ಹೊಣೆಯಲ್ಲ. ಆದರೆ ಷರತ್ತು ಇದೆ. ಇದು ಕಾನೂನುಬಾಹಿರ ಎಂದು ಗೊತ್ತಾದ ಮೇಲೂ ತೆಗೆಯದೆ ಕೂತರೆ ಆ ರಕ್ಷಣೆ ಹೋಗುತ್ತದೆ. 79(3)(ಬಿ) ಎಂಬ ಉಪವಿಧಿ ಹೇಳುವುದು ಇದನ್ನೇ. ಇವತ್ತಿನ ಜಗಳವೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ.

ಪೋಸ್ಟ್ ತೆಗೆಸಲು ಎರಡು ದಾರಿ

ಸರ್ಕಾರಕ್ಕೆ ನೇರವಾಗಿ ಬ್ಲಾಕ್ ಮಾಡಿಸುವ ಅಧಿಕಾರ ಬೇರೆಯೇ ಇದೆ. ಅದು ಸೆಕ್ಷನ್ 69ಎ. ಅದನ್ನು ಎಲ್ಲದಕ್ಕೂ ಬಳಸುವಂತಿಲ್ಲ. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆ, ವಿದೇಶಗಳ ಜತೆಗಿನ ಸ್ನೇಹ, ಸಾರ್ವಜನಿಕ ಶಾಂತಿ, ಇವುಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ, ಇಷ್ಟೇ ಕಾರಣಗಳು. ಇಲಾಖೆಯ ಕೋರಿಕೆ ಒಂದು ಸಮಿತಿಯ ಮುಂದೆ ಹೋಗಬೇಕು. ಅದರಲ್ಲಿ ಕಾನೂನು, ಗೃಹ, ವಾರ್ತಾ ಇಲಾಖೆಗಳ ಪ್ರತಿನಿಧಿಗಳಿರುತ್ತಾರೆ. ಪೋಸ್ಟ್ ಹಾಕಿದವರಿಗೆ ಅಥವಾ ಕಂಪನಿಗೆ ಉತ್ತರ ಕೊಡಲು ಕನಿಷ್ಠ 48 ಗಂಟೆ ಕೊಡಬೇಕು. ತುರ್ತು ಇದ್ದರೆ ಮೊದಲು ಬ್ಲಾಕ್ ಮಾಡಿ ಆಮೇಲೆ ಸಮಿತಿಗೆ ಒಪ್ಪಿಸಬಹುದು. ಕಾರಣ ಬರೆದಿಡಬೇಕು. ಇದು ನಿಧಾನ, ಆದರೆ ತಡೆಗಳಿವೆ.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ತೀರ್ಪು ಕೊಟ್ಟಿತು. ಪೋಸ್ಟ್ ಹಾಕಿದವರನ್ನು ಜೈಲಿಗೆ ಕಳಿಸುತ್ತಿದ್ದ ಸೆಕ್ಷನ್ 66ಎ ಆ ದಿನ ರದ್ದಾಯಿತು. ಎಲ್ಲರಿಗೂ ನೆನಪಿರುವುದು ಅಷ್ಟೇ. ಅದೇ ತೀರ್ಪಿನಲ್ಲಿ ಇನ್ನೂ ಎರಡು ಮಾತಿದ್ದವು. 69ಎ ಉಳಿಯಿತು, ಅದರಲ್ಲಿ ಈ ತಡೆಗಳಿವೆ ಎಂಬ ಕಾರಣಕ್ಕೆ. 79(3)(ಬಿ) ಕೂಡ ಉಳಿಯಿತು, ಆದರೆ ಮೊಟಕಾಗಿ: ಕೋರ್ಟ್ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬಂದಾಗ ಮಾತ್ರ, ಅದೂ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಸಂವಿಧಾನದ 19(2)ನೇ ವಿಧಿ ಒಪ್ಪುವ ಕಾರಣಗಳಿಗೆ ಮಾತ್ರ.

ಹಾಗಾದರೆ 79(3)(ಬಿ) ಒಂದು ಅಧಿಕಾರವಾ, ಇಲ್ಲಾ ಬರೀ ಎಚ್ಚರಿಕೆಯಾ? ಎಕ್ಸ್ ಕೇಳಿದ್ದು ಇದೇ ಪ್ರಶ್ನೆ.

ಹೈಕೋರ್ಟ್‌ನಲ್ಲಿ ನಡೆದದ್ದು

2023ರ ಅಕ್ಟೋಬರ್‌ನಲ್ಲಿ ಐಟಿ ಸಚಿವಾಲಯ ಬೇರೆ ಸಚಿವಾಲಯಗಳಿಗೂ ರಾಜ್ಯಗಳಿಗೂ ಪತ್ರ ಬರೆಯಿತು. 79(3)(ಬಿ) ಅಡಿ ನೀವೇ ನೋಟಿಸ್ ಕೊಡಬಹುದು ಎನ್ನುವುದು ಅದರ ಸಾರ. ಒಂದು ವರ್ಷದ ನಂತರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 'ಸಹಯೋಗ್' ಎಂಬ ಪೋರ್ಟಲ್ ತಂದಿತು. ಅಧಿಕಾರಿಗಳು ಲಿಂಕ್ ಹಾಕುತ್ತಾರೆ, ಕಂಪನಿಗೆ ನೋಟಿಸ್ ಹೋಗುತ್ತದೆ. ಸಮಿತಿಯ ಗೊಡವೆ ಇಲ್ಲ. ಹಲವು ದೊಡ್ಡ ಕಂಪನಿಗಳು ಸೇರಿಕೊಂಡವು. ಎಕ್ಸ್ ಒಪ್ಪದೆ 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು.

ಎಕ್ಸ್‌ನ ವಾದ ಇದು: ತೆಗೆಸುವ ಅಧಿಕಾರ 69ಎಯಲ್ಲಿ ಮಾತ್ರ ಇದೆ. ಸಮಿತಿ, ವಿಚಾರಣೆ ಎಲ್ಲ ಇರುವ ಮುಂಬಾಗಿಲನ್ನು ಬಿಟ್ಟು ಸರ್ಕಾರ ಹಿಂಬಾಗಿಲಿನಿಂದ ಬರುತ್ತಿದೆ. ಉದಾಹರಣೆಗೆ ಅದರ ವಕೀಲರು ಕೊಟ್ಟದ್ದು ರೈಲ್ವೆಯ ಒಂದು ನೋಟಿಸ್. ಹೈದರಾಬಾದ್ ಹತ್ತಿರ ಮಹಿಳೆಯೊಬ್ಬರು ರೈಲು ಹಳಿಯ ಮೇಲೆ ಕಾರು ಓಡಿಸಿದ್ದರು. ಅದರ ವಿಡಿಯೊ ತೆಗೆಯಿರಿ ಎಂದಿತ್ತು ರೈಲ್ವೆ. ನಿಜವಾಗಿ ನಡೆದ ಘಟನೆ, ಸುದ್ದಿಯೂ ಆಗಿದೆ, ಇದರಲ್ಲಿ ಕಾನೂನುಬಾಹಿರ ಏನಿದೆ ಎಂದು ಅವರು ಕೇಳಿದರು.

ಸರ್ಕಾರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಇನ್ನೊಂದು ಉದಾಹರಣೆ ತೋರಿಸಿದರು. 'ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ' ಎಂಬ ಹೆಸರಿನ ಒಂದು ಎಕ್ಸ್ ಖಾತೆ. ಅಂಥ ಕೋರ್ಟೇ ಇಲ್ಲ. ಸರ್ಕಾರದವರೇ ಪರೀಕ್ಷೆಗೆಂದು ತೆರೆದ ಖಾತೆ ಅದು. ಅದಕ್ಕೂ ಎಕ್ಸ್‌ನ ಪರಿಶೀಲನೆಯ ಗುರುತು ಸಿಕ್ಕಿತ್ತು. ಸುಳ್ಳು ಹಬ್ಬುವುದು ಇಷ್ಟು ಸಲೀಸಾಗಿರುವಾಗ ಸಮಿತಿ ಕೂಡಿಸಿ ನಿರ್ಧರಿಸುತ್ತಾ ಕೂರಲು ಆಗುತ್ತದಾ ಎನ್ನುವುದು ಅವರ ವಾದದ ತಿರುಳು. ಜತೆಗೆ ಇನ್ನೊಂದು ಮಾತು: ನೋಟಿಸ್ ಎಂದರೆ ಆದೇಶವಲ್ಲ, ಕಂಪನಿ ಬೇಕಿದ್ದರೆ ತೆಗೆಯದೆ ಇರಬಹುದು, ಆಗ ರಕ್ಷಣೆ ಮಾತ್ರ ಹೋಗುತ್ತದೆ.

2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿ ವಜಾ ಮಾಡಿದರು. ವಾಕ್ ಸ್ವಾತಂತ್ರ್ಯದ ಹಕ್ಕು ನಾಗರಿಕರದ್ದು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ ಎಂದರು. ಶ್ರೇಯಾ ಸಿಂಘಾಲ್ ತೀರ್ಪು 2011ರ ನಿಯಮಗಳ ಕಾಲದ್ದು, 2021ರ ನಿಯಮಗಳಿಗೆ ಅದನ್ನು ಹಾಗೇ ತಂದು ಅಂಟಿಸಲಾಗದು ಎಂದರು. ಎಕ್ಸ್ ಮೇಲ್ಮನವಿ ಸಲ್ಲಿಸಿದೆ. ಇದೇ ಕಂಪನಿ ಟ್ವಿಟರ್ ಆಗಿದ್ದಾಗ, 2023ರ ಜೂನ್‌ನಲ್ಲಿ, 69ಎ ಆದೇಶಗಳನ್ನು ಪ್ರಶ್ನಿಸಿ ಇದೇ ಹೈಕೋರ್ಟ್‌ನಲ್ಲಿ ಸೋತು 50 ಲಕ್ಷ ರೂಪಾಯಿ ದಂಡವನ್ನೂ ಹಾಕಿಸಿಕೊಂಡಿತ್ತು.

'ನೋಟಿಸ್ ಮಾತ್ರ, ಆದೇಶವಲ್ಲ' ಎಂಬ ಮಾತು ಕಾಗದದ ಮೇಲೆ ಸರಿ. ನಡೆಯುವುದು ಹಾಗಲ್ಲ. ಅದಕ್ಕೆ ಕಂಪನಿಯ ಒಳಗೆ ಏನಾಗುತ್ತದೆ ನೋಡಬೇಕು.

ಗಡಿಯಾರ ಮಾಡುವ ಕೆಲಸ

ರಾತ್ರಿ ಹನ್ನೊಂದಕ್ಕೆ ಒಂದು ನೋಟಿಸ್ ಬರುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ನಲವತ್ತು ಲಿಂಕ್. ಅರ್ಧ ಕನ್ನಡದಲ್ಲಿವೆ, ಕೆಲವು ತುಳುವಿನಲ್ಲಿ. ಒಂದರಲ್ಲಿ ವ್ಯಂಗ್ಯ ಇದೆ. ಒಂದರಲ್ಲಿ ನಿಜವಾಗಿಯೂ ಬೆದರಿಕೆ ಇದೆ. ಇನ್ನೊಂದು ಪತ್ರಕರ್ತರ ವರದಿ. ಬೆಳಗಿನ ಜಾವ ಎರಡರೊಳಗೆ ಭಾಷೆ ಗೊತ್ತಿರುವವರು ನೋಡಬೇಕು, ವಕೀಲರು ಕಲಂ ಹೊಂದಿಸಿ ನೋಡಬೇಕು, ಆಮೇಲೆ ಯಾರೋ ಸಹಿ ಹಾಕಬೇಕು. 36 ಗಂಟೆಯಲ್ಲಿ ಇದು ಕಷ್ಟಪಟ್ಟು ಆಗುವ ಕೆಲಸ. ಮೂರು ಗಂಟೆಯಲ್ಲಿ ಆಗುವುದಿಲ್ಲ.

ಇನ್ನು ಲಾಭ ನಷ್ಟದ ಲೆಕ್ಕ. ತೆಗೆಯಬೇಕಾದ ಪೋಸ್ಟನ್ನು ಉಳಿಸಿದರೆ ರಕ್ಷಣೆ ಹೋಗುತ್ತದೆ. 2021ರ ನಿಯಮಗಳ ಪ್ರಕಾರ ದೊಡ್ಡ ಕಂಪನಿಗಳು ಭಾರತದಲ್ಲೇ ವಾಸಿಸುವ ಒಬ್ಬ ಹೊಣೆಗಾರ ಅಧಿಕಾರಿಯನ್ನು ಇಟ್ಟುಕೊಂಡಿರಬೇಕು. ಕೇಸು ಬಿದ್ದರೆ ಸಿಕ್ಕಿಬೀಳುವುದು ಆ ವ್ಯಕ್ತಿ. ಅದೇ, ಉಳಿಸಬೇಕಾದ ಪೋಸ್ಟನ್ನು ತೆಗೆದರೆ? ದಂಡವಿಲ್ಲ, ಕೇಸಿಲ್ಲ, ಕೇಳುವವರೂ ಇಲ್ಲ. ಒಂದು ಕಡೆ ಜೈಲಿನ ಭಯ, ಇನ್ನೊಂದು ಕಡೆ ಏನೂ ಇಲ್ಲ. ಯಾವ ಕಂಪನಿಯಾದರೂ ಏನು ಮಾಡುತ್ತದೆ ಹೇಳಿ? ಸುಮ್ನೆ ತೆಗೆದುಬಿಡುತ್ತದೆ. ಕಂಪನಿಗಳು ಒಳ್ಳೆಯವೋ ಕೆಟ್ಟವೋ ಎನ್ನುವುದು ಇಲ್ಲಿ ಮುಖ್ಯವೇ ಅಲ್ಲ.

ಈ ಅವಸರಕ್ಕೆ ಕಾರಣ ಇಲ್ಲ ಎಂದಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ವದಂತಿಗೆ ಅಮಾಯಕರು ಸತ್ತರು. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ನಕಲಿ ವಿಡಿಯೊ ದೇಶವೆಲ್ಲ ಓಡಾಡಿತು. ಇಂಥದ್ದರಲ್ಲಿ 36 ಗಂಟೆ ಎಂದರೆ ಎಲ್ಲ ಮುಗಿದ ಮೇಲೆ ಬಾಗಿಲು ಹಾಕಿದ ಹಾಗೆ. ನಕಲಿ ನಗ್ನ ಚಿತ್ರಗಳಿಗೆ ಎರಡು ಗಂಟೆ ಮಾಡಿದ್ದು ನನ್ನ ಲೆಕ್ಕದಲ್ಲಿ ಸರಿಯಾದ ಕೆಲಸ. ಅಲ್ಲಿ ತೀರ್ಮಾನಕ್ಕೆ ಜಾಸ್ತಿ ಯೋಚನೆ ಬೇಡ, ದೂರು ಕೊಡುವವರೂ ನೊಂದವರೇ.

ಆದರೆ ಚಾಮರಾಜಪೇಟೆ, ಮುರ್ಕಿಯ ವದಂತಿಗಳು ಹಬ್ಬಿದ್ದು ವಾಟ್ಸ್‌ಆ್ಯಪ್‌ನಲ್ಲಿ. ನೋಟಿಸ್ ಕೊಡಲು ಲಿಂಕ್ ಬೇಕು. ಗುಂಪಿನಿಂದ ಗುಂಪಿಗೆ ಫಾರ್ವರ್ಡ್ ಆಗುವ ಸಂದೇಶಕ್ಕೆ ಲಿಂಕ್ ಎಲ್ಲಿದೆ? ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ ಎನ್‌ಕ್ರಿಪ್ಷನ್ ಇರುವುದರಿಂದ ಕಂಪನಿಗೂ ಅದು ಕಾಣುವುದಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಬೇರೆ ಉಪಾಯ. 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತು. ಯಾರ ಸಂದೇಶವನ್ನೂ ಓದದೆ, ಯಾವುದನ್ನೂ ಅಳಿಸದೆ ಓಟ ನಿಧಾನ ಮಾಡುವ ದಾರಿ ಅದು. ಮೂರು ಗಂಟೆ ನಿಯಮವನ್ನು ಸಮರ್ಥಿಸಲು ಕೊಡುವ ಅತಿ ಭೀಕರ ಉದಾಹರಣೆಗಳು ಆ ನಿಯಮದ ಕೈಗೇ ಸಿಗುವುದಿಲ್ಲ.

ಯಾರ ತಪ್ಪೋ ಅವರೇ ಅಳಿಸಿ ಎಂದಾಗ

2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ರೈಲು ನಿಲ್ದಾಣದಲ್ಲಿ ಕಾಲ್ತುಳಿತವಾಯಿತು. ಕುಂಭಮೇಳಕ್ಕೆ ಹೊರಟಿದ್ದ ಜನ. ಕನಿಷ್ಠ 18 ಮಂದಿ ಸತ್ತರು. ಎರಡೇ ದಿನಕ್ಕೆ ರೈಲ್ವೆ ಸಚಿವಾಲಯ ಎಕ್ಸ್‌ಗೆ ನೋಟಿಸ್ ಕೊಟ್ಟು 285 ಲಿಂಕ್ ತೆಗೆಯಲು ಹೇಳಿತು. ಶವಗಳ ದೃಶ್ಯ ಇದೆ, ಇದು ಹಬ್ಬಿದರೆ ಕಾನೂನು ಸುವ್ಯವಸ್ಥೆಗೆ ತೊಂದರೆ ಎನ್ನುವುದು ಕೊಟ್ಟ ಕಾರಣ.

ಸತ್ತವರ ಚಿತ್ರ ಹರಿಬಿಡುವುದು ಸರಿಯಲ್ಲ, ಒಪ್ಪೋಣ. ಆದರೆ ನಿಲ್ದಾಣದ ಜನಸಂದಣಿ ನೋಡಿಕೊಳ್ಳಬೇಕಾದವರು ರೈಲ್ವೆಯವರು. ಅಲ್ಲಿ ಏನು ತಪ್ಪಾಯಿತು ಎನ್ನುವುದಕ್ಕೆ ಆ ರಾತ್ರಿಯ ಮೊಬೈಲ್ ವಿಡಿಯೊಗಳೇ ಸಾಕ್ಷಿ. ಯಾವ ಇಲಾಖೆ ಉತ್ತರ ಕೊಡಬೇಕೋ ಅದೇ ಇಲಾಖೆ ಯಾವ ವಿಡಿಯೊ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವ ಹಾಗಾಯಿತು. ಅಧಿಕಾರಿಯ ದರ್ಜೆ ಏರಿಸಿದ ಮಾತ್ರಕ್ಕೆ ಈ ತೊಡಕು ಹೋಗುವುದಿಲ್ಲ. ಜಂಟಿ ಕಾರ್ಯದರ್ಶಿಯೂ ಅದೇ ಇಲಾಖೆಯವರೇ, ತಿಂಗಳ ಪರಿಶೀಲನೆ ಮಾಡುವವರೂ ಸರ್ಕಾರದವರೇ. 69ಎ ಸಮಿತಿಯೂ ಸರ್ಕಾರದ್ದೇ ಅನ್ನಿ, ಆದರೆ ಅಲ್ಲಿ ಕನಿಷ್ಠ ಬೇರೆ ಇಲಾಖೆಗಳ ಕಣ್ಣಾದರೂ ಇರುತ್ತದೆ.

ಇವತ್ತು ನಾಗರಿಕರು ಆಡಳಿತವನ್ನು ಪ್ರಶ್ನಿಸುವ ರೀತಿಯೇ ಇದು. ಗುಂಡಿ ಬಿದ್ದ ರಸ್ತೆ, ಲಂಚ ಕೇಳುವ ಕೈ, ಆಸ್ಪತ್ರೆಯ ಕಾರಿಡಾರು. ಮೊದಲು ವಿಡಿಯೊ, ಆಮೇಲೆ ಅರ್ಜಿ. ಅಂಥ ವಿಡಿಯೊಗೆ ಜೀವ ಇರುವುದು ಮೊದಲ ಕೆಲವು ಗಂಟೆ. ಸುಳ್ಳಿಗೂ ಅಷ್ಟೇ. ಸರ್ಕಾರ ಬೇಗ ತೆಗೆಯಬೇಕು ಎನ್ನುವುದಕ್ಕೂ, ವಿರೋಧಿಸುವವರು ತಪ್ಪಾಗಿ ತೆಗೆದರೆ ಸರಿಪಡಿಸಲಾಗದು ಎನ್ನುವುದಕ್ಕೂ ಆಧಾರ ಇದೊಂದೇ. ಹತ್ತು ದಿನದ ಮೇಲೆ ವಾಪಸ್ ಬಂದ ವಿಡಿಯೊವನ್ನು ಯಾರು ನೋಡುತ್ತಾರೆ?

ಕೋರ್ಟ್ ದಾರಿ ಆದರೆ ಎಲ್ಲ ಸರಿಯಾ?

ಸರ್ಕಾರ ಬೇಡ, ಕೋರ್ಟೇ ತೀರ್ಮಾನಿಸಲಿ ಎನ್ನುವವರು ಧರ್ಮಸ್ಥಳ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. 2025ರ ಜುಲೈನಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟ್ ಮಾನಹಾನಿಯ ಪೋಸ್ಟ್‌ಗಳನ್ನು ತೆಗೆಯಿರಿ ಎಂದು ಒಂದು ತಾತ್ಕಾಲಿಕ ಆದೇಶ ಕೊಟ್ಟಿತು. ಎದುರು ಪಕ್ಷದ ಮಾತು ಕೇಳುವ ಮೊದಲೇ ಬಂದ ಆದೇಶ. ಅದರ ಪಟ್ಟಿಯಲ್ಲಿದ್ದ ಲಿಂಕ್‌ಗಳು 8,842. ಅದರಲ್ಲಿ 4,140 ಯೂಟ್ಯೂಬ್ ವಿಡಿಯೊಗಳು, 108 ಸುದ್ದಿ ಬರಹಗಳು. ಒಂದೊಂದನ್ನೂ ನೋಡಿ ಇದು ಮಾನಹಾನಿ, ಇದು ವರದಿ ಎಂದು ಬೇರ್ಪಡಿಸುವುದು ಸಾಧ್ಯವೇ ಇರಲಿಲ್ಲ. ಕುಡ್ಲ ರಾಂಪೇಜ್ ಎಂಬ ಯೂಟ್ಯೂಬ್ ಚಾನೆಲ್ ಹೈಕೋರ್ಟ್‌ಗೆ ಹೋಯಿತು. ಆಗಸ್ಟ್ 1ರಂದು ಅದರ ಮೇಲಿದ್ದ ನಿರ್ಬಂಧ ರದ್ದಾಗಿ ವಿಷಯ ಕೆಳಗಿನ ಕೋರ್ಟ್‌ಗೆ ವಾಪಸಾಯಿತು. ರದ್ದು ಮಾಡಿದ್ದು ಇದೇ ನ್ಯಾಯಮೂರ್ತಿ ನಾಗಪ್ರಸನ್ನ ಅವರೇ.

ಆ ಚಾನೆಲ್ ಹೋರಾಡಿತು, ಗೆದ್ದಿತು. ಪಟ್ಟಿಯಲ್ಲಿದ್ದ ಉಳಿದವರಲ್ಲಿ ಎಷ್ಟು ಜನಕ್ಕೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇದ್ದೀತು?

ಪೋಸ್ಟ್ ಹಾಕಿದವರು ಎಲ್ಲಿ?

ಇಡೀ ಜಗಳದಲ್ಲಿ ಕಾಣದೆ ಹೋದವರು ಇವರೇ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಅಮೆರಿಕದ ಕಂಪನಿ. ನಾಗರಿಕರಿಗೆ ಮಾತ್ರ ವಾಕ್ ಸ್ವಾತಂತ್ರ್ಯ ಎಂದು ಕೋರ್ಟ್ ಹೇಳಿತು. ಸರಿ, ಆದರೆ ಆ ನಾಗರಿಕರಿಗೆ ತಮ್ಮ ಪೋಸ್ಟ್ ಯಾಕೆ ಹೋಯಿತು ಎಂದು ತಿಳಿಸುವ ಹೊಣೆಯನ್ನು ನಿಯಮ ನೋಟಿಸ್ ಕೊಟ್ಟ ಅಧಿಕಾರಿಯ ಮೇಲೆ ಹಾಕಿಲ್ಲ. ನೋಟಿಸ್ ಹೋಗುವುದು ಕಂಪನಿಗೆ. 69ಎ ದಾರಿಯಲ್ಲೂ, ಬ್ಲಾಕ್ ಮಾಡುವ ವಿಧಾನ ಹೇಳುವ 2009ರ ನಿಯಮಗಳಲ್ಲಿ 16ನೆಯದು ಎಲ್ಲವನ್ನೂ ಗೌಪ್ಯವಾಗಿಡಲು ಹೇಳುತ್ತದೆ. ಆದೇಶವೇ ಕೈಗೆ ಸಿಗದಿದ್ದರೆ ಅದನ್ನು ಕೋರ್ಟ್‌ನಲ್ಲಿ ಪ್ರಶ್ನಿಸುವುದು ಹೇಗೆ?

ವರದಕ್ಷಿಣೆಯನ್ನು ಗೇಲಿ ಮಾಡುವ 'ಡೌರಿ ಕ್ಯಾಲ್ಕುಲೇಟರ್' ಎಂಬ ವೆಬ್‌ಸೈಟ್ 2018ರಲ್ಲಿ ಬ್ಲಾಕ್ ಆಯಿತು. ಅದನ್ನು ಮಾಡಿದ್ದು ಒಬ್ಬ ಪತ್ರಕರ್ತ. ಬ್ಲಾಕ್ ಆದೇಶದ ಪ್ರತಿ ಕೊಟ್ಟು ಅವರ ಮಾತು ಕೇಳಿ ಎಂದು ದೆಹಲಿ ಹೈಕೋರ್ಟ್ ಹೇಳಿದ್ದು 2022ರ ಮೇನಲ್ಲಿ. ಒಂದು ಹಾಸ್ಯಕ್ಕೆ, ಅದೂ ವರದಕ್ಷಿಣೆಯ ವಿರುದ್ಧದ ಹಾಸ್ಯಕ್ಕೆ, ಸುಮಾರು ನಾಲ್ಕು ವರ್ಷ. ಗುರುತು ಸಿಗುವ ವ್ಯಕ್ತಿಗೆ ನೋಟಿಸ್ ಕೊಡದೆ ಬ್ಲಾಕ್ ಮಾಡುವುದು ಸರಿಯೇ ಎಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ.

ಇದು ಬಗೆಹರಿಯದ ಸಮಸ್ಯೆ ಏನಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರುವರಿಯಿಂದ ಪೂರ್ತಿ ಜಾರಿಯಲ್ಲಿದೆ. ಅಲ್ಲೂ ಸರ್ಕಾರಗಳು ಪೋಸ್ಟ್ ತೆಗೆಸುತ್ತವೆ. ಆದರೆ ತೆಗೆದಾಗ ಹಾಕಿದವರಿಗೆ ಆದೇಶದ ಬಗ್ಗೆ, ಕಾರಣದ ಬಗ್ಗೆ, ಎಲ್ಲಿ ಪ್ರಶ್ನಿಸಬಹುದು ಎಂಬ ಬಗ್ಗೆ ತಿಳಿಸಲೇಬೇಕು. ಅದರಿಂದ ಕೆಲಸ ನಿಧಾನವಾಗುವುದಿಲ್ಲ. ತೆಗೆದ ಮೇಲೂ ತಿಳಿಸಬಹುದಲ್ವಾ?

ಮುಂದೆ ಆಗಬಹುದಾದದ್ದು

ಎಕ್ಸ್‌ನ ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ನಾಗಪ್ರಸನ್ನ ಅವರ ಏಕಸದಸ್ಯ ಪೀಠದ ತೀರ್ಪೇ ನಿಂತರೆ 79(3)(ಬಿ) ದಾರಿಯೇ ರೂಢಿಯಾಗುತ್ತದೆ. ಸುಲಭದ ದಾರಿ ಇರುವಾಗ ಸಮಿತಿ ಇರುವ 69ಎ ದಾರಿಗೆ ಯಾರು ಹೋಗುತ್ತಾರೆ? ಕಂಪನಿಗಳು ಮೂರು ಗಂಟೆಯ ಒತ್ತಡಕ್ಕೆ ಯಂತ್ರಗಳನ್ನೇ ನೆಚ್ಚಿಕೊಳ್ಳುತ್ತವೆ. ಯಂತ್ರಕ್ಕೆ ಇಂಗ್ಲಿಷ್ ವ್ಯಂಗ್ಯವೇ ಕಷ್ಟ, ಮಂಡ್ಯದ ಮಾತಿನ ಧಾಟಿ ಎಲ್ಲಿ ಅರ್ಥವಾಗಬೇಕು. ಸಣ್ಣ ಕಂಪನಿಗಳಿಗೆ ಇಪ್ಪತ್ನಾಲ್ಕು ಗಂಟೆ ಕಾವಲು ಕೂರುವ ಸಿಬ್ಬಂದಿ ಇರುವುದಿಲ್ಲ, ಹಾಗಾಗಿ ದೊಡ್ಡವೇ ಇನ್ನೂ ದೊಡ್ಡದಾಗುತ್ತವೆ.

ರಾಜ್ಯಗಳೂ ಹಿಂದೆ ಬಿದ್ದಿಲ್ಲ. 2025ರ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಮಂಡಲ ಒಪ್ಪಿದ ದ್ವೇಷ ಭಾಷಣ ತಡೆ ಮಸೂದೆಯಲ್ಲೂ ಗೊತ್ತುಪಡಿಸಿದ ಅಧಿಕಾರಿಗೆ ಪೋಸ್ಟ್ ತೆಗೆಸುವ ಅಧಿಕಾರ ಇದೆ. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು. ಈ ಅಧಿಕಾರದ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ ಇದ್ದಂತಿಲ್ಲ.

ಸದ್ಯಕ್ಕೆ ಪೋಸ್ಟ್ ಕಳೆದುಕೊಂಡವರ ಕೈಯಲ್ಲಿ ಇರುವುದು ಇಷ್ಟು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಯಾವ ನೋಟಿಸ್, ಯಾವ ಕಾನೂನಿನಡಿ ಎಂದು ಲಿಖಿತವಾಗಿ ಕೇಳಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. 2023ರಲ್ಲಿ ಶುರುವಾದ ಈ ಸಮಿತಿಗಳನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಪೋಸ್ಟ್ ತೆಗೆಸಿದ್ದೂ ಸರ್ಕಾರವೇ ಆಗಿದ್ದರೆ ಉಳಿಯುವುದು ಹೈಕೋರ್ಟ್. ಅಲ್ಲಿ ಸ್ವತಃ ನಾಗರಿಕರೇ ಅರ್ಜಿ ಹಾಕಿದರೆ, ಎಕ್ಸ್‌ಗೆ ಹೇಳಿದ ಹಾಗೆ 'ಈ ಹಕ್ಕು ನಿಮ್ಮದಲ್ಲ' ಎಂದು ವಾಪಸ್ ಕಳಿಸಲು ಆಗುವುದಿಲ್ಲ.